ಗೋಡೆಯೊಳಗಿನ ಕುದುರೆ ವೈದ್ಯ

ಗಾಜಿನ ಪೆಟ್ಟಿಗೆಯ ಮುಚ್ಚಳ ಮುಚ್ಚಿಯೇ ಇತ್ತು. ಒಳಗೆ ಹಾಸಿದ್ದ ಕೆಂಪು ರೇಷ್ಮೆಯೂ ಇದ್ದ ಹಾಗೇ ಇತ್ತು. ಅದರ ಮೇಲಿದ್ದ ಪುಸ್ತಕ ಮಾತ್ರ ಇರಲಿಲ್ಲ.

ಮೊದಲು ಕಂಡವಳು ರೋಬಿಯಾ. ಅವಳು ಕಿರುಚಲಿಲ್ಲ. ಚಹಾ ಕೋಣೆಯ ಬಾಗಿಲಿಗೆ ಬಂದು ನಿಂತು, "ಚಿಕ್ಕಪ್ಪ, ಸ್ವಲ್ಪ ಬನ್ನಿ" ಅಂದಳು ಅಷ್ಟೆ. ಆ ದನಿಗೆ ಆಶುರ್‌ನ ಕೈಯಲ್ಲಿದ್ದ ರೊಟ್ಟಿಯ ಚೂರು ಬಾಯಿಗೆ ಹೋಗಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಆ ಹುಡುಗಿಯನ್ನು ತಂದು ಸಾಕಿದವನು ಅವನು. ಅಳುವುದಕ್ಕೆ ಮುಂಚೆ ಅವಳ ದನಿ ಹೇಗಾಗುತ್ತದೆ ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನ ಹಿಂದೆಯೇ ಸಲೋಮತ್ ಕೂಡ ಎದ್ದಳು. ಎದ್ದವಳು ಮೊದಲು ಚಹಾ ಕುಡಿಕೆಯನ್ನು ಮುಚ್ಚಿಟ್ಟಳು. ಮೂವತ್ತು ವರ್ಷ ಖುಜಂದ್ ಊರಿನ ಪೊಲೀಸಿನಲ್ಲಿ ತನಿಖಾಧಿಕಾರಿಯಾಗಿದ್ದು ನಿವೃತ್ತಳಾದ ಹೆಂಗಸು ಅವಳು; ಗಡಿಬಿಡಿ ಅನ್ನುವುದು ಅವಳ ಜಾತಕದಲ್ಲೇ ಇರಲಿಲ್ಲ. ಆಶುರ್ ಅವಳದೇ ವಠಾರದವನು, ಒಂದು ಕಾಲದ ಬಸ್ ಚಾಲಕ. ಬೀದಿಯ ಕೋಳಿ ಕಳ್ಳತನದಿಂದ ಹಿಡಿದು ಮದುವೆಮನೆಯ ಉಂಗುರದವರೆಗೆ ಅವಳು ಬಿಡಿಸಿದ ಎಲ್ಲ ಒಗಟಿಗೂ ಅವನು ಪಕ್ಕದಲ್ಲಿದ್ದ. ಪ್ರತಿ ಸಲವೂ ತಪ್ಪು ಮನುಷ್ಯನನ್ನೇ ಕಳ್ಳ ಅಂದಿದ್ದ. ಅವನು ಯಾರನ್ನು ಹೆಸರಿಸುತ್ತಾನೋ ಅವನನ್ನು ಬಿಟ್ಟು ಹುಡುಕಿದರೆ ಅರ್ಧ ಕೆಲಸ ಮುಗಿದಂತೆ ಎಂದು ಸಲೋಮತ್ ವಠಾರದವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಆ ದಿನ ಹೊರಟಿದ್ದು ಮೋಜಿಗೆ. ವಠಾರದವರು ತಿಂಗಳಿಗೊಮ್ಮೆ ಸೇರಿ ಉಂಡು ಹರಟುವ ಗಶ್ತಕ್‌ಗೆ ಈ ಸಲ ಸಲೋಮತ್‌ಳ ಸರದಿ. ಎಲ್ಲರೂ ಪಲಾವಿನ ಆಸೆಯಲ್ಲಿದ್ದರೆ ಅವಳು, ಬೆಳಿಗ್ಗೆ ಬಜಾರಿನ ಹಿಂದಿನ ಹಳೇ ಪುಸ್ತಕದ ಸಾಲು, ಮಧ್ಯಾಹ್ನ ರೇಷ್ಮೆ ಗಿರಣಿಯ ಹಳೇ ಗ್ರಂಥಾಲಯದಲ್ಲಿ ರೋಬಿಯಾ ಏರ್ಪಡಿಸಿದ ಪ್ರದರ್ಶನ ಎಂದು ಸಾರಿಬಿಟ್ಟಳು. ಪ್ರವೇಶ ಉಚಿತ.

"ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪಂಗೊಂದು" ಎಂದು ಫೈಜುಲ್ಲೊ ಮೇಷ್ಟ್ರು ಎಲ್ಲರಿಗಿಂತ ಮೊದಲು ಆಶುರ್‌ನ ಹಳೇ ವ್ಯಾನ್ ಹತ್ತಿ ಕೂತಿದ್ದರು. ಚರಿತ್ರೆಯ ಮೇಷ್ಟ್ರಾಗಿ ನಿವೃತ್ತರಾದವರು. ಮನೆ ತುಂಬ ಹಳೇ ಪುಸ್ತಕ. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದರು. ಅವರ ಪಕ್ಕ ವಠಾರದ ಹಿರಿಯಳು ಓಯ್ನಿಸೊ ಅಜ್ಜಿ. ಎಂಬತ್ತು ದಾಟಿದರೂ ಗಟ್ಟಿಮುಟ್ಟು, ಕಿವಿ ಮಾತ್ರ ತನಗೆ ಬೇಕಾದಾಗ ಕೇಳುತ್ತಿತ್ತು.

ಪುಸ್ತಕದ ಸಾಲಿನಲ್ಲಿ ತೋಲಿಬ್ ಎಂಬುವನ ಅಂಗಡಿಗೆ ನುಗ್ಗಿದರು. ಅಂಗಡಿಯ ಒಂದು ಮೂಲೆಯಲ್ಲಿ ಹಳೇ ಲಿಪಿಯ ಪುಸ್ತಕಗಳು, ಅಂದರೆ ಅಜ್ಜಂದಿರ ಕಾಲದಲ್ಲಿ ಎಲ್ಲರೂ ಓದುತ್ತಿದ್ದ, ಕುರಾನಿನ ಅಕ್ಷರದವು. ಆ ಅಕ್ಷರ ಮನೆಯಲ್ಲಿ ಕಂಡರೆ ಜೈಲು ಅನ್ನುವ ಕಾಲವೊಂದು ಬಂದು, ಜನ ಪುಸ್ತಕಗಳನ್ನು ಗೋಡೆಯೊಳಗಿಟ್ಟು ಮಣ್ಣು ಮೆತ್ತಿದ್ದರು. ಈಗ ಹಳೇ ಮನೆ ಕೆಡವಿದಾಗಲೆಲ್ಲ ಒಂದೊಂದು ಹೊರಗೆ ಬರುತ್ತದೆ. ಆದರೆ ಓದುವವರೇ ಇಲ್ಲ. ಓಯ್ನಿಸೊ ಅಜ್ಜಿ ಒಂದು ಹರಕು ಪುಸ್ತಕ ಎತ್ತಿ ಮುತ್ತಿಟ್ಟು ಕಣ್ಣಿಗೊತ್ತಿಕೊಂಡಳು. ಆಶುರ್ ಕೂಡ ಒತ್ತಿಕೊಂಡ. ಕೈ ದಾಟಿ ಅದು ಮೇಷ್ಟ್ರ ಹತ್ತಿರ ಬಂತು. ಅವರು ಒಂದೆರಡು ಹಾಳೆ ಮಗುಚಿ, "ನಮಗೊಂದಕ್ಷರಾನೂ ಬರಲ್ಲಪ್ಪ, ಎಲ್ಲ ಇರುವೆ ಸಾಲು" ಎಂದು ಕಾಲ ಬಳಿಯ ಪೆಟ್ಟಿಗೆಗೆ ಎಸೆದರು. ತೋಲಿಬ್ ತುಟಿ ಕಚ್ಚಿ ಅದನ್ನೆತ್ತಿ ಮೇಲಿನ ಹಲಗೆಗೆ ಸೇರಿಸಿದ. ಇಷ್ಟು ಓದಿದ ಮನುಷ್ಯನಿಗೆ ಇಷ್ಟೂ ಮರ್ಯಾದೆ ಬೇಡವೇ ಅನ್ನಿಸಿತು ಆಶುರ್‌ಗೆ.

ಬಜಾರಿನಲ್ಲಿ ಓಯ್ನಿಸೊ ಅಜ್ಜಿ ಚಹಾಕ್ಕೆಂದು ಪದರು ಪದರಾದ ದೊಡ್ಡ ರೊಟ್ಟಿಯೊಂದನ್ನು ಕೊಂಡಳು. ತೋಲಿಬ್ ಅಂಗಡಿ ಮುಚ್ಚಿ, ತಾನೂ ಪ್ರದರ್ಶನ ನೋಡಬೇಕೆಂದು ಅವರ ಜೊತೆ ಹೊರಟ.

ಗ್ರಂಥಾಲಯದ ಬಾಗಿಲಲ್ಲೇ ಅದರ ಮುಖ್ಯಸ್ಥ ವೋಸಿದ್ ಎಲ್ಲರ ಕೋಟು, ಚೀಲ ತೆಗೆಸಿಟ್ಟುಕೊಂಡ. ಆಮೇಲೆ ಒಂದು ಮೊಗಸಾಲೆ. ಅಲ್ಲೊಂದು ಬೆಂಚು, ಅದರಡಿ ಮರದ ಪೆಟ್ಟಿಗೆ. ಹೊಸ ನೆಲ ಕೊಳೆಯಾಗದಂತೆ ಬೂಟಿನ ಮೇಲೆ ತೊಡುವ ಬಟ್ಟೆ ಚೀಲಗಳು ಆ ಪೆಟ್ಟಿಗೆಯಲ್ಲಿದ್ದವು. ಗೋಡೆಗೆ ಒರಗಿಸಿದ ಎತ್ತರದ ಬೀರು. ಮೊಗಸಾಲೆಯ ಒಂದು ಕಡೆ ಪ್ರದರ್ಶನದ ಕೋಣೆ, ಇನ್ನೊಂದು ಕಡೆ ಚಹಾ ಕೋಣೆ.

ಪ್ರದರ್ಶನದಲ್ಲಿದ್ದದ್ದೆಲ್ಲ ಗೋಡೆಯಿಂದ ಬಂದ ಪುಸ್ತಕಗಳೇ. ಮನೆ ಮನೆ ತಿರುಗಿ, ಮುದುಕರ ಕೈಕಾಲು ಹಿಡಿದು, ಕೇಳಿ ತಂದವಳು ರೋಬಿಯಾ. ಹಳೇ ಲಿಪಿಯನ್ನು ಕಲಿತು ಓದಬಲ್ಲವಳೂ ಊರಿನಲ್ಲಿ ಅವಳೊಬ್ಬಳೇ. ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಚರ್ಮದ ಹೊದಿಕೆಯ ಪುಸ್ತಕ. ಹೋಜಿ ನೇಮತ್ ಎಂಬ ಮುದುಕನ ಮನೆಯ ಗೋಡೆಯಲ್ಲಿ ಸಿಕ್ಕಿದ್ದು. ಅವರ ಮನೆಯವರು ಅದನ್ನು ಪ್ರಾರ್ಥನೆಯ ಪುಸ್ತಕ ಅಂದುಕೊಂಡು ಪೂಜ್ಯವಾಗಿ ಇಟ್ಟಿದ್ದರು. ರೋಬಿಯಾ ಓದಿ ನೋಡಿದರೆ ಅದು ಕುದುರೆಗಳ ಕಾಯಿಲೆಗೆ ಮದ್ದು ಹೇಳುವ ಅಪರೂಪದ ಕೈಬರಹ. ಸಂಜೆ ಹೋಜಿ ನೇಮತ್ ತಾನೇ ನೋಡಲು ಬರುವವನಿದ್ದ.

ಅವಳು ಬೀಗ ತೆಗೆದು, ಪುಟ ತಿರುವಿ ತೋರಿಸಿದಳು. ಹುಳು ಬಾರದಿರಲಿ, ದೃಷ್ಟಿ ತಾಕದಿರಲಿ ಎಂದು ಪ್ರತಿ ಪುಸ್ತಕದಡಿ ಒಣ ಇಸ್ಪಂದ್ ಕಡ್ಡಿ ಇಟ್ಟಿದ್ದಳು. ಆ ಗಿಡದ ಕಾಯಿ ಮುಟ್ಟಿದರೆ ಒಡೆದು ಬೀಜ ಉದುರುತ್ತದೆ. ಅಷ್ಟರಲ್ಲಿ ವೋಸಿದ್, ಕಚೇರಿಯಿಂದ ಫೋನು ಎಂದು ಕರೆದ. ರೋಬಿಯಾ ಮುಚ್ಚಳ ಮುಚ್ಚಿ ಓಡಿದಳು. ಬೀಗ ತಿರುಗಿಸಲು ಮರೆತಳು.

ಚಹಾ ಆಗಿದೆ ಎಂದು ಸಲೋಮತ್ ಮುಂದೆ ಹೋದಳು. ಉಳಿದವರು ಒಬ್ಬೊಬ್ಬರಾಗಿ ಮೊಗಸಾಲೆಗೆ ಬಂದು, ಬೂಟಿನ ಚೀಲ ಕಳಚಿ ಪೆಟ್ಟಿಗೆಗೆ ಹಾಕಿ, ಚಹಾ ಕೋಣೆ ಸೇರಿದರು. ಎಲ್ಲರಿಗಿಂತ ನಿಧಾನ ಓಯ್ನಿಸೊ ಅಜ್ಜಿ. ಅವಳು ಬೆಂಚಿನಿಂದಲೇ ಆಶುರ್‌ನನ್ನು ಕೂಗಿ, ತಲೆಯ ಬಿಳಿ ವಸ್ತ್ರದಲ್ಲಿ ಕಟ್ಟಿದ ಗಂಟೊಂದನ್ನು ಎರಡೂ ಕೈಯಲ್ಲಿ ಕೊಟ್ಟು, "ಮೇಲಿಡು ಮಗ. ಕಾಲಿನ ಹತ್ರ ಬೇಡ" ಅಂದಳು. ರೊಟ್ಟಿ ಅಲ್ಲವೇ, ನೆಲದ ಬಳಿ ಇಡುವ ಪದಾರ್ಥವೇ ಅದು? ಆಶುರ್ ಊರಿಗೇ ಉದ್ದನೆಯ ಮನುಷ್ಯ. ಕೈಚಾಚಿ ಬೀರುವಿನ ನೆತ್ತಿಯ ಮೇಲಿಟ್ಟ. ಅಜ್ಜಿ ಬಾಯಲ್ಲಿ ತೌಬಾ ತೌಬಾ ಎಂದು ಗೊಣಗುತ್ತ ಕೈತೊಳೆದು ಬಂದ ಮೇಲೇ ಚಹಾ ಮುಟ್ಟಿದ್ದು. ವಯಸ್ಸಾದ ಮೇಲೆ ಎಲ್ಲರೂ ಹೀಗೇ ಎಂದುಕೊಂಡ ಆಶುರ್, ಪದರ ರೊಟ್ಟಿಯ ಎರಡು ಚೂರು ತಿಂದು ಮೂರನೆಯದಕ್ಕೆ ಕೈಹಾಕಿದಾಗಲೇ ರೋಬಿಯಾ ಬಾಗಿಲಿಗೆ ಬಂದದ್ದು.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ವೋಸಿದ್ ಹೊರಬಾಗಿಲು ಹಾಕಿದ. ಹೊರಗೆ ಹೋದವರು ಯಾರೂ ಇರಲಿಲ್ಲ. ಚೀಲ, ಕೋಟು, ಜೇಬು, ಬೀರುವಿನೊಳಗೆ, ಒಲೆಯ ಹಿಂದೆ, ಎಲ್ಲ ಜಾಲಾಡಿದ. ಬೀರುವಿನ ಮೇಲಿನ ಗಂಟಿಗೂ ಬೆರಳು ತೋರಿಸಿದ.

"ಅದು ಅಜ್ಜಿ ರೊಟ್ಟಿ. ನಾನೇ ಇಟ್ಟೆ" ಅಂದ ಆಶುರ್.

ವೋಸಿದ್ ಕೈ ಇಳಿಸಿದ. ಅವನೂ ಅನ್ನ ತಿನ್ನುವವನೇ. ರೊಟ್ಟಿ ಗಂಟಿನೊಳಗೆ ಕಳ್ಳಮಾಲು ತಡಕುವ ಮಟ್ಟಕ್ಕೆ ಇಳಿಯಲು ಅವನಿಗೂ ಮನಸ್ಸು ಬರಲಿಲ್ಲ. ಕುದುರೆ ವೈದ್ಯದ ಪುಸ್ತಕ ಕಂಡಿರಾ ಎಂದು ಒಬ್ಬೊಬ್ಬರನ್ನೂ ಕೇಳಿದ. ಎಲ್ಲರೂ ಇಲ್ಲವೆಂದರು. "ನಾನ್ಯಾಕಪ್ಪ ಕುದುರೆ ಪುಸ್ತಕ ನೋಡಲಿ? ನಮ್ಮನೇಲಿ ಕತ್ತೇನೂ ಇಲ್ಲ" ಅಂದಳು ಓಯ್ನಿಸೊ ಅಜ್ಜಿ.

ಕೊನೆಗೆ ಅವನು ರೋಬಿಯಾಳ ಕಡೆ ತಿರುಗಿದ. ಬೀಗ ಹಾಕದವಳು ಅವಳು, ಮೂಲೆಮೂಲೆ ಬಲ್ಲವಳು ಅವಳು, ಪುಸ್ತಕದ ಬೆಲೆ ಗೊತ್ತಿದ್ದವಳೂ ಅವಳೇ. ಸಂಜೆ ಹೋಜಿ ನೇಮತ್ ಬಂದಾಗ ಪುಸ್ತಕ ಪೆಟ್ಟಿಗೆಯಲ್ಲಿರದಿದ್ದರೆ ಅವರ ಮುಂದೆಯೇ ಪೊಲೀಸರನ್ನು ಕರೆಸುತ್ತೇನೆ, ಪುಸ್ತಕ ಕೊಟ್ಟ ಮನೆಗಳಿಗೆಲ್ಲ ನಿನ್ನ ಹೆಸರು ಹೇಳಿ ಕಳಿಸುತ್ತೇನೆ ಎಂದ. ರೋಬಿಯಾ ಖಾಲಿ ರೇಷ್ಮೆಯನ್ನೇ ನೋಡುತ್ತ ನಿಂತಳು. ಊರಿನ ಮುದುಕರು ಅವಳನ್ನು ನಂಬಿ ಗೋಡೆ ಒಡೆದಿದ್ದರು. ಇನ್ನು ಯಾರು ನಂಬುತ್ತಾರೆ?

ಆಶುರ್ ಸಲೋಮತ್‌ಳನ್ನು ಮೂಲೆಗೆ ಕರೆದು, "ತೋಲಿಬ್ ಕೆಲಸ. ನೂರಕ್ಕೆ ನೂರು. ಹಳೇ ಪುಸ್ತಕ ಮಾರೋನಿಗೆ ಇನ್ನೇನು ಬೇಕು?" ಅಂದ.

"ಸದ್ಯ, ತೋಲಿಬ್ ಬಚಾವಾದ" ಅಂದಳು ಅವಳು.

ಮೊಗಸಾಲೆಗೆ ಬಂದರೆ ಫೈಜುಲ್ಲೊ ಮೇಷ್ಟ್ರು ಬೆಂಚಿನ ಮೇಲೆ ಬಗ್ಗಿ, ಬೂಟಿನ ಚೀಲಗಳ ಪೆಟ್ಟಿಗೆಯಲ್ಲಿ ಮೊಣಕೈವರೆಗೂ ತೋಳು ಇಳಿಸಿದ್ದರು. ಕನ್ನಡಕದ ಡಬ್ಬಿ ಬಿದ್ದುಹೋಯಿತು ಅಂದರು. ಪಾಪ ಅನ್ನಿಸಿ ಆಶುರ್ ತಾನೂ ಹುಡುಕಿದ. ಸಿಗಲಿಲ್ಲ. ಮೇಷ್ಟ್ರ ಮುಖ ಸುಣ್ಣದಂತಾಗಿತ್ತು. ಒಂದು ಡಬ್ಬಿಗೆ ಇಷ್ಟು ಸಂಕಟವೇ ಎಂದುಕೊಂಡ ಆಶುರ್.

ಅವರು ಹೋದ ಮೇಲೆ ಸಲೋಮತ್ ಪೆಟ್ಟಿಗೆಯನ್ನು ನೆಲಕ್ಕೆ ಬೋರಲು ಹಾಕಿದಳು. ಚೀಲಗಳ ನಡುವೆ ಒಡೆದ ಒಣಕಾಯಿಯೊಂದು, ಕಪ್ಪು ಬೀಜ ನಾಲ್ಕಾರು. ಅವಳು ಅದನ್ನು ಮೂಸಿ ನೋಡಿ ಆಶುರ್‌ನ ಮೂಗಿಗೂ ಹಿಡಿದಳು. ಇಸ್ಪಂದ್ ವಾಸನೆ. ಬಳಿಕ ಬೀರುವಿನ ನೆತ್ತಿಯ ಕಡೆ ಒಮ್ಮೆ ನೋಡಿ, "ಅಜ್ಜಿ ಇವತ್ತು ಎಷ್ಟು ರೊಟ್ಟಿ ತಗೊಂಡ್ರು?" ಎಂದು ಕೇಳಿದಳು.

"ಒಂದೇ. ಯಾಕೆ?"

"ಚೆನ್ನಾಗಿತ್ತು ಅದಕ್ಕೆ" ಎಂದವಳೇ ರೋಬಿಯಾಳ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿಯ ಮುಖಕ್ಕೆ ಅರ್ಧ ಜೀವ ಮರಳಿತು. ಇಷ್ಟು ವರ್ಷ ಜೊತೆಗಿದ್ದ ತನಗೆ ಹೇಳದೆ ಅವಳಿಗೆ ಹೇಳಿದಳಲ್ಲ ಎಂದು ಆಶುರ್‌ಗೆ ಸಣ್ಣಗೆ ಉರಿಯಿತು.

ಸಲೋಮತ್ ಎಲ್ಲರನ್ನೂ ಪ್ರದರ್ಶನದ ಕೋಣೆಯಲ್ಲಿ ಕೂರಿಸಿದಳು. ಹೊಸ ಚಹಾ ಬಂತು. ಅವಳು ಪದ್ಧತಿಯಂತೆ ಬಟ್ಟಲಿಗೆ ಸುರಿದು ಕುಡಿಕೆಗೆ ಮರಳಿಸುತ್ತ, ಮೂರನೆಯ ಸಲಕ್ಕೆ ಬಾಯಿ ತೆರೆದಳು.

"ಪುಸ್ತಕ ಈ ಕಟ್ಟಡ ಬಿಟ್ಟು ಹೋಗಿಲ್ಲ. ಕದ್ದವರಿಗೆ ಅದನ್ನ ಬಚ್ಚಿಡೋಕೆ ಇದ್ದದ್ದು ಒಂದು ಗಳಿಗೆ. ಕೋಟು, ಚೀಲ ಬಾಗಿಲಲ್ಲಿ. ಮೈಮೇಲಿಟ್ಟುಕೊಂಡರೆ ಸಿಕ್ಕಿಬೀಳ್ತಾರೆ. ಹಾಗಾಗಿ ಯಾರೂ ಕೈಹಾಕದ ಜಾಗಕ್ಕೆ ಹಾಕಿದರು. ಬೂಟಿನ ಚೀಲದ ಪೆಟ್ಟಿಗೆ. ಹೋಗುವಾಗ ಬಗ್ಗಿ ಎತ್ತಿಕೊಂಡರಾಯಿತು." ಅವಳು ಅಂಗೈ ಬಿಚ್ಚಿ ಇಸ್ಪಂದ್ ಕಾಯಿ ತೋರಿಸಿದಳು. "ಪುಸ್ತಕಕ್ಕೆ ಅಂಟಿಕೊಂಡು ಬಂದದ್ದು."

"ಪೆಟ್ಟಿಗೇಲಿ ಈಗ ಪುಸ್ತಕ ಎಲ್ಲಿದೆ?" ಎಂದ ವೋಸಿದ್.

"ಇಲ್ಲ. ಕದ್ದವರಿಗೂ ಸಿಗಲಿಲ್ಲ. ಯಾಕಂದ್ರೆ ಅವರಾದಮೇಲೆ ಆ ಬೆಂಚಿನಲ್ಲಿ ಇನ್ನೊಬ್ಬರು ಕೂತರು." ಅವಳು ಓಯ್ನಿಸೊ ಅಜ್ಜಿಯ ಕಡೆ ಬಾಗಿ, ದನಿ ಎತ್ತರಿಸಿ ಕೇಳಿದಳು. "ಅಜ್ಜೀ, ಕುದುರೆ ಪುಸ್ತಕದ ಮಾತು ಬಿಡಿ. ಚಪ್ಪಲಿ ಜಾಗದಲ್ಲಿ ದೇವರ ಗ್ರಂಥ ಏನಾದರೂ ಕಂಡಿತಾ?"

ಅಜ್ಜಿ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು.

"ಕಂಡಿತಮ್ಮ" ಅಂದಳು ಮೆಲ್ಲಗೆ. "ಜೀವ ಹೋದ ಹಾಗಾಯ್ತು. ಯಾರೋ ಅರಿಯದೆ ಬೀಳಿಸಿದ್ದಾರೆ, ಎತ್ತಿ ಆಡಿದರೆ ಅವರಿಗೆ ಅವಮಾನ. ಅದಕ್ಕೆ ಮುತ್ತಿಟ್ಟು, ವಸ್ತ್ರದಲ್ಲಿ ಸುತ್ತಿ, ಎತ್ತರಕ್ಕೆ ಕಳಿಸಿದೆ. ತಪ್ಪಾಯ್ತಾ?"

"ಆಶುರ್" ಅಂದಳು ಸಲೋಮತ್, "ಅಜ್ಜಿ ಕೊಂಡದ್ದು ಒಂದೇ ರೊಟ್ಟಿ. ಅದನ್ನ ನೀನೇ ಎರಡು ಚೂರು ತಿಂದೆ. ಹಾಗಾದರೆ ಬೀರು ಮೇಲಿಟ್ಟದ್ದೇನು?"

ಕೋಣೆಯೆಲ್ಲ ಆಶುರ್‌ನನ್ನೇ ನೋಡಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನ ಹಾಗೆ ಅವನು ಎದ್ದು ಹೋಗಿ ಗಂಟನ್ನು ಇಳಿಸಿ ತಂದ. ರೋಬಿಯಾ ಗಂಟು ಬಿಚ್ಚಿದಳು. ಬಿಳಿ ವಸ್ತ್ರದ ನಡುವೆ ಕಂದು ಚರ್ಮದ ಪುಟ್ಟ ಪುಸ್ತಕ, ಒಂದು ಹಾಳೆಯೂ ಮಡಚದೆ ಮಲಗಿತ್ತು. ಅವಳು ಅದನ್ನು ಎದೆಗೊತ್ತಿಕೊಂಡು ಚಿಕ್ಕಪ್ಪನ ಭುಜಕ್ಕೆ ತಲೆಯಿಟ್ಟಳು. ಆಶುರ್ ಅತ್ತ. ನಾಚಿಕೆಯೇನೂ ಆಗಲಿಲ್ಲ.

"ಸಿಕ್ಕಿತಲ್ಲ, ಮುಗೀತು. ಯಾರೋ ಬೀಳಿಸಿದ್ದರು ಅಷ್ಟೆ" ಎಂದು ಫೈಜುಲ್ಲೊ ಮೇಷ್ಟ್ರು ಏಳಹೊರಟರು.

"ಕೂತ್ಕೊಳ್ಳಿ ಮೇಷ್ಟ್ರೇ. ಚಹಾ ಆರುತ್ತೆ." ಸಲೋಮತ್ ಬಟ್ಟಲನ್ನು ಅವರ ಮುಂದಿಟ್ಟಳು. "ಅಲ್ಲಿಗೆ ಹಾಕಿದವರು ಯಾರು ಅನ್ನೋದು ಬಾಕಿ ಇದೆ. ನಮ್ಮೂರಲ್ಲಿ ಕಳ್ಳನೂ ಆ ಲಿಪಿಯ ಪುಸ್ತಕವನ್ನ ಬೂಟಿನ ಕೊಳೆಗೆ ಹಾಕಲ್ಲ. ತೋಲಿಬ್ ಹಾಕಲ್ಲ, ವೋಸಿದ್ ಹಾಕಲ್ಲ. ಒಳಗಿರೋದು ಏನೋ ಗೊತ್ತಿಲ್ಲ, ಕೈ ಬರಲ್ಲ. ಹಾಕೋಕೆ ಆಗೋದು ಒಬ್ಬರಿಗೇ. ಇದು ದೇವರ ಮಾತಲ್ಲ, ಕುದುರೆ ಮದ್ದು ಅಂತ ತಾನೇ ಓದಿ ತಿಳಿದವರಿಗೆ."

"ರೋಬಿಯಾ ಅದನ್ನ ಎಲ್ಲರಿಗೂ ಹೇಳಿದ್ದಳಲ್ಲ" ಎಂದ ತೋಲಿಬ್.

"ಹೇಳಿದ್ದಳು. ಆದರೂ ಅವಳು ತೋರಿಸಿದಾಗ ನೀನು ಈ ಪುಸ್ತಕಾನ ಕಣ್ಣಿಗೊತ್ತಿಕೊಂಡೆಯೋ ಇಲ್ಲವೋ?"

ತೋಲಿಬ್ ತಲೆಯಾಡಿಸಿದ. ಒತ್ತಿಕೊಂಡಿದ್ದ.

"ಹಾಗಿದ್ರೆ ನಾನು ಹೇಳಿದ್ದೇ ಸರಿಯಾಯ್ತು" ಎಂದ ವೋಸಿದ್. "ಓದಕ್ಕೆ ಬರೋದು ಈ ಹುಡುಗಿಗೆ ಮಾತ್ರ."

ಸಲೋಮತ್ ತಣ್ಣಗೆ, "ಓದಲಿ ನೋಡೋಣ. ಮೇಷ್ಟ್ರ ಪಕ್ಕ ಕೂತು ಓದಮ್ಮ, ಬೆಳಕಿದೆ" ಅಂದಳು.

ರೋಬಿಯಾ ಕಣ್ಣೊರೆಸಿಕೊಂಡು, ಪುಟ ಬಿಚ್ಚಿ, ಬೆರಳಿಟ್ಟು ಓದಿದಳು. ಕುದುರೆಗೆ ಹೊಟ್ಟೆಶೂಲೆ ಬಂದರೆ ದ್ರಾಕ್ಷಿಯ ಮದ್ಯ ಕುಡಿಸಿ, ಕಾಲು ಕಟ್ಟಿ, ಉರಿಬಿಸಿಲಲ್ಲಿ ಮಲಗಿಸತಕ್ಕದ್ದು. ಮೇಷ್ಟ್ರ ಕೊರಳ ಕನ್ನಡಕ ಮೂಗಿಗೇರಿತು. ಅವರ ಹುಬ್ಬು ಗಂಟಾಯಿತು. ಅವಳು ಮುಂದುವರಿಸಿದಳು. ಆಗಲೂ ವಾಸಿಯಾಗದಿದ್ದರೆ ಇಪ್ಪತ್ತು ಮೊಟ್ಟೆ ತಿನ್ನಿಸತಕ್ಕದ್ದು.

"ಎಲ್ಲಿದೆ ಮೊಟ್ಟೆ?" ಮೇಷ್ಟ್ರ ಬೆರಳು ತಾನಾಗಿ ಹಾಳೆಯ ಮೇಲೆ ಬಂತು. "ಸೋಂಪಿನ ನೀರು ಕುಡಿಸಿ ನೆರಳಲ್ಲಿ ನಡೆಸಬೇಕು ಅಂತ ಎರಡನೇ ಸಾಲಲ್ಲೇ ಸ್ಪಷ್ಟವಾಗಿ..."

ಅಲ್ಲಿಗೆ ನಿಂತರು. ಬೆರಳು ಇನ್ನೂ ಎರಡನೇ ಸಾಲಿನ ಮೇಲೇ ಇತ್ತು. ಬೇಕೆಂದೇ ತಪ್ಪು ಓದು ಎಂದು ಸಲೋಮತ್ ಹುಡುಗಿಯ ಕಿವಿಯಲ್ಲಿ ಹೇಳಿದ್ದಳೆಂದು ಆಶುರ್‌ಗೆ ಆಗ ಹೊಳೆಯಿತು.

"ಇರುವೆ ಸಾಲು ಚೆನ್ನಾಗೇ ಓದ್ತೀರಿ" ಅಂದಳು ಸಲೋಮತ್. "ಬೆಳಿಗ್ಗೆ ತೋಲಿಬ್ ಅಂಗಡೀಲೇ ನನಗೆ ಅನುಮಾನ. ಎಲ್ಲರೂ ಮುತ್ತಿಟ್ಟ ಪುಸ್ತಕ ನೀವು ಹಾಳೆ ತಿರುವಿ ಕಾಲ ಬಳಿ ಎಸೆದಿರಿ. ಓದಕ್ಕೆ ಬರದವರು ಯಾರೂ ಎಸೆಯಲ್ಲ, ಹೆದರಿಕೆ ಇರುತ್ತೆ. ಆಮೇಲೆ ಕನ್ನಡಕದ ಡಬ್ಬಿ ಹುಡುಕಿದಿರಿ. ಕೊರಳಿಗೆ ದಾರ ಕಟ್ಟಿಕೊಂಡವರಿಗೆ ಡಬ್ಬಿ ಎಲ್ಲಿಂದ ಬಂತು? ಇನ್ನು ಪುಸ್ತಕ ಎತ್ತಿದವರ ಉಣ್ಣೆ ಅಂಗಿಯ ತೋಳಿನಲ್ಲಿ ಇಸ್ಪಂದ್ ಬೀಜ ಸಿಕ್ಕಿಕೊಂಡೇ ಇರುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರು ತೋಳು ಕೊಡವಿಕೊಂಡರು. ಎರಡು ಕಪ್ಪು ಬೀಜ ಚಹಾ ಬಟ್ಟಲಿಗೆ ಬಿದ್ದವು.

ಆಮೇಲೆ ಅವರು ಮುಚ್ಚಿಡಲಿಲ್ಲ. ತಾತನಿಂದ ಗುಟ್ಟಾಗಿ ಲಿಪಿ ಕಲಿತಿದ್ದರು. ಗೊತ್ತು ಅಂದರೆ ಅಂಗಡಿಯವರು ಬೆಲೆ ಏರಿಸುತ್ತಾರೆ ಎಂದು ಜೀವಮಾನವೆಲ್ಲ ದಡ್ಡನ ವೇಷ ಹಾಕಿ, ರತ್ನದಂಥ ಪುಸ್ತಕಗಳನ್ನು ರದ್ದಿಯಂತೆ ಹೊತ್ತೊಯ್ದಿದ್ದರು. ತೋಲಿಬ್‌ನ ಕಿವಿ ಕೆಂಪಾಯಿತು. ಒಮ್ಮೆ ಕಣ್ಣಾಡಿಸಿದ್ದ ಈ ಕುದುರೆ ವೈದ್ಯಕ್ಕಾಗಿ ಮಾತ್ರ ಹೋಜಿ ನೇಮತ್ ಬಾಗಿಲು ಎಷ್ಟು ತಟ್ಟಿದರೂ ಸಿಕ್ಕಿರಲಿಲ್ಲ. ಅದೇ ಪುಸ್ತಕ ಈ ಹುಡುಗಿಯ ಪೆಟ್ಟಿಗೆಯಲ್ಲಿ ಬೀಗವಿಲ್ಲದೆ ಕೂತಿದ್ದು ಕಂಡಾಗ ಕೈ ತಡೆಯಲಾಗಲಿಲ್ಲ ಎಂದರು.

"ಮೇಷ್ಟ್ರೇ, ನೀವು ಓದು ಬರುತ್ತೆ ಅಂತ ಹೇಳಿದ್ದರೆ ನಿಮ್ಮನ್ನೇ ಗುರು ಮಾಡಿಕೊಳ್ತಿದ್ದೆ" ಅಂದಳು ರೋಬಿಯಾ. "ನಾನು ಒಬ್ಬಳೇ ಎಷ್ಟು ಒದ್ದಾಡಿದೆ ಗೊತ್ತಾ?" ಮೇಷ್ಟ್ರು ಕನ್ನಡಕ ಕಳಚಿ ಎದೆಗೆ ಇಳಿಬಿಟ್ಟರು. ಪೊಲೀಸರ ಹೊಡೆತಕ್ಕಿಂತ ಆ ಮಾತೇ ಜೋರಾಗಿ ಬಿತ್ತು ಅನ್ನಿಸಿತು ಆಶುರ್‌ಗೆ.

ಸಂಜೆ ಹೋಜಿ ನೇಮತ್ ಕೋಲೂರಿಕೊಂಡು ಬಂದಾಗ ಪುಸ್ತಕ ಕೆಂಪು ರೇಷ್ಮೆಯ ಮೇಲಿತ್ತು. ವೋಸಿದ್ ಮುಚ್ಚಿಡಬಹುದಿತ್ತು, ಆದರೆ ರೋಬಿಯಾ ತಾನೇ ನಡೆದದ್ದೆಲ್ಲ ಹೇಳಿದಳು, ಬೀಗ ಮರೆತದ್ದನ್ನೂ ಬಿಡದೆ. ಮುದುಕ ಗಡ್ಡ ನೀವಿಕೊಂಡ.

"ನಮ್ಮಪ್ಪ ಗೋಡೆಯನ್ನ ನಂಬಿ ಇದನ್ನ ಕೊಟ್ಟ" ಅಂದ. "ಗೋಡೆ ಬಾಯಿ ಬಿಡಲಿಲ್ಲ, ಸರಿ. ಆದರೆ ಓದಲೂ ಇಲ್ಲ. ಇನ್ನು ಇದು ಈ ಮಗಳ ಹತ್ರವೇ ಇರಲಿ. ವಾಪಸ್ ಬೇಡ." ಮೇಷ್ಟ್ರನ್ನು ಏನು ಮಾಡಬೇಕೆಂದು ಕೇಳಿದ್ದಕ್ಕೆ, ಅವರ ಮನೆಯ ಹಳೇ ಪುಸ್ತಕಗಳೂ ಇದೇ ಕೋಣೆಗೆ ಬರಲಿ, ಬಂದವರಿಗೆಲ್ಲ ಅವರೇ ಬಾಯಾರೆ ಓದಿ ಹೇಳಲಿ, ಪುಕ್ಕಟೆಯಾಗಿ ಎಂದ. ತೋಲಿಬ್ ಗಟ್ಟಿಯಾಗಿ ನಕ್ಕ. ವೋಸಿದ್ ಎಲ್ಲರೆದುರು ಎದೆಗೆ ಕೈಯಿಟ್ಟು ರೋಬಿಯಾಳ ಕ್ಷಮೆ ಕೇಳಿದ.

ಓಯ್ನಿಸೊ ಅಜ್ಜಿಗೆ ತಾನು ಮುತ್ತಿಟ್ಟದ್ದು ಕುದುರೆಯ ಹೊಟ್ಟೆನೋವಿಗೆ ಎಂದು ಎರಡೆರಡು ಸಲ ಬಿಡಿಸಿ ಹೇಳಬೇಕಾಯಿತು. ಅವಳು ಸ್ವಲ್ಪ ಯೋಚಿಸಿ, ಗಾಜಿನ ಮೇಲೆ ಬಗ್ಗಿ ಇನ್ನೊಂದು ಮುತ್ತಿಟ್ಟಳು. "ಮೂಕ ಪ್ರಾಣಿಗೆ ಔಷಧ ಬರೆದಿಟ್ಟವನು ದೇವರಿಗೆ ದೂರದವನೇನಲ್ಲ" ಅಂದಳು.

ರೋಬಿಯಾ ಬೀಗ ತಿರುಗಿಸಿದಳು. ತಿರುಗಿದ್ದು ಎಲ್ಲರಿಗೂ ಕೇಳಿಸಿತು. ಹೊರಗೆ ವ್ಯಾನ್ ಹತ್ತುವಾಗ ಅಜ್ಜಿ ಬಿಳಿ ವಸ್ತ್ರದ ಗಂಟೊಂದನ್ನು ಆಶುರ್‌ಗೆ ಚಾಚಿ, ಮೇಲಿಡು ಮಗ ಅಂದಳು. ಆಶುರ್ ಕೈಚಾಚಿದವನು ಹಾಗೇ ತಡೆದು, ಬೀದಿಯ ನಡುವೆಯೇ ಗಂಟು ಬಿಚ್ಚಿದ. ಒಳಗೆ ಚಹಾದ ಹೊತ್ತಿನಲ್ಲಿ ಉಳಿದಿದ್ದ ರೊಟ್ಟಿಯ ಒಂದು ಚೂರು, ಅವನು ಬಾಯಿಗಿಡದೆ ಬಿಟ್ಟು ಎದ್ದುಹೋದದ್ದು. ರೋಬಿಯಾ ಅವನ ತೋಳು ಹಿಡಿದುಕೊಂಡು ನಕ್ಕಳು, ಬೆಳಿಗ್ಗೆಯಿಂದ ಮೊದಲ ಸಲ. ಅವನು ಚೂರನ್ನು ಎರಡು ಮಾಡಿ, ದೊಡ್ಡದನ್ನು ಅವಳಿಗೆ ಕೊಟ್ಟ.